ಸುಖವೂ ಹೆಚ್ಚು, ಇಂಧನವೂ ಉಳಿತಾಯ: ಹೇಗೆ?

ಪ್ರಶ್ನೆ: ಹೊಸ ವಿಮಾನಗಳಲ್ಲಿ ಆಯಾಸವೂ ಕಡಿಮೆ, ಇಂಧನವೂ ಕಡಿಮೆ ಅನ್ನುತ್ತಾರೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ?

ಉತ್ತರ: ಗುಟ್ಟು ವಿಮಾನದ ಮೈಯಲ್ಲಿದೆ. ಜಪಾನಿನ ಆಲ್ ನಿಪ್ಪಾನ್ ಏರ್‌ವೇಸ್ 2011ರ ಅಕ್ಟೋಬರ್‌ನಲ್ಲಿ ಮೊದಲು ಪ್ರಯಾಣಿಕರನ್ನು ಹೊತ್ತು ಹಾರಿಸಿದ ಬೋಯಿಂಗ್ 787ರ ಒಡಲು ಅಲ್ಯೂಮಿನಿಯಮ್ಮಿನದಲ್ಲ. ಇಂಗಾಲದ ಎಳೆಗಳನ್ನು ರಾಳದಲ್ಲಿ ಬೆಸೆದದ್ದು. ತೂಕ ಕಡಿಮೆ. ಹೊಸ ಎಂಜಿನ್ನೂ ಸೇರಿ, ಹಳೆಯ 767ಕ್ಕಿಂತ ಸುಮಾರು ಶೇ 20ರಷ್ಟು ಇಂಧನ ಉಳಿಯುತ್ತದೆ. ಈ ಒಡಲು ತೇವಕ್ಕೆ ಸವೆಯದು, ಒತ್ತಡದ ಏರಿಳಿತಕ್ಕೆ ಬೇಗ ದಣಿಯದು. ಹಾಗಾಗಿ ಒಳಗಿನ ಗಾಳಿಯಲ್ಲಿ ತೇವ ತುಸು ಹೆಚ್ಚಿಡಬಹುದು. ಗಾಳಿಯ ಒತ್ತಡವನ್ನೂ ಹಳೆಯ ವಿಮಾನಗಳಂತೆ 8,000 ಅಡಿ ಎತ್ತರದ ಬದಲು 6,000 ಅಡಿಯ ಮಟ್ಟದಲ್ಲಿಡಬಹುದು. ಅಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸ್ವಲ್ಪ ಕೆಳಗೆ ಕೂತ ಹಾಗೆ; ಆಯಾಸ ಕಡಿಮೆಯಾಗುವುದು ಇದರಿಂದಲೇ. ಸೀಟಿನ ಅಗಲ ಮಾತ್ರ ವಿಮಾನ ಸಂಸ್ಥೆಯ ಕೈಯಲ್ಲಿದೆ: ಸಾಲಿಗೆ 8 ಸೀಟು ಹಾಕಬಹುದಾದ ಕಡೆ ಬಹುತೇಕರು 9 ತುರುಕಿದ್ದಾರೆ!