ಬಸ್ಸು ಎಷ್ಟಿವೆ ಅಲ್ಲ, ನಾವೆಷ್ಟು ಕಾಯ್ತೀವಿ?

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಬಸ್ಸಿಗೆಂದೇ ಒಂದು ಪಥ ಮೀಸಲಿಟ್ಟರು. ಇಂಥ ಸುಧಾರಣೆಯ ಲಾಭ ಅಳೆಯೋದು ಹೇಗೆ?

ಬಸ್ಸುಗಳನ್ನು ಎಣಿಸಿದರೆ ಸಾಲದು. 10 ನಿಮಿಷಕ್ಕೊಂದು ಬಸ್ಸು ಬಂದರೆ ನಾವು ಸರಾಸರಿ 5 ನಿಮಿಷ ಕಾಯುತ್ತೇವೆ. ಅವೇ ಬಸ್ಸುಗಳು ಜೋಡಿಯಾಗಿ 20 ನಿಮಿಷಕ್ಕೊಮ್ಮೆ ಬಂದರೆ 10 ನಿಮಿಷ! ಬಸ್ಸು ಅಷ್ಟೇ, ಕಾಯೋದು ಡಬಲ್.

ಕನೆಕ್ಟೆಡ್ ವೆಹಿಕಲ್ ತಂತ್ರಜ್ಞಾನ ಇದ್ದರೆ, ತಡವಾದ ಬಸ್ಸು ‘ಬರ್ತಿದ್ದೀನಿ’ ಅಂತ ಸಿಗ್ನಲ್‌ಗೆ ತಿಳಿಸುತ್ತೆ. ಹಸಿರು ದೀಪ ಕೆಲವು ಸೆಕೆಂಡು ಹೆಚ್ಚು ಉರಿಯುತ್ತೆ. ಅಡ್ಡರಸ್ತೆಯವರಿಗೆ ತಡ ಆಗಲ್ವಾ? ಆಗುತ್ತೆ. ಅದಕ್ಕೇ ವಾಹನ ಅಲ್ಲ, ತಲೆ ಎಣಿಸಬೇಕು. 50 ಜನರ ಬಸ್ಸಿಗೆ 10 ಸೆಕೆಂಡು ಉಳಿದರೆ ಲಾಭ 500 ಸೆಕೆಂಡು. ಒಬ್ಬೊಬ್ಬರೇ ಕೂತ 20 ಕಾರಿಗೆ ಅಷ್ಟೇ ತಡವಾದರೆ ನಷ್ಟ 200.

ನಾಳೆ ಸ್ಟಾಪಿನಲ್ಲಿ ಬೈಕೊಂಡು ನಿಲ್ಲುವ ಬದಲು ಬಸ್ಸುಗಳ ನಡುವಿನ ನಿಮಿಷ ಬರೆದಿಡೋಣ. ಒಳ್ಳೆ ಬಸ್ ಸೇವೆ ಕೇಳೋಕೆ ಹೋದಾಗ ಅದೇ ನಮ್ಮ ಸಾಕ್ಷಿ.