ಕಾರು ಕುಸಿದು ನಿಂತರೆ ಕಂಪ್ರೆಸರ್ ಕೆಟ್ಟಿದೆ ಎಂದೇ ಅರ್ಥವೇ?

ರಾತ್ರಿ ಹಾಸನದ ಮನೆ ಮುಂದೆ ನೆಟ್ಟಗೆ ನಿಲ್ಲಿಸಿದ್ದ ಏರ್ ಸಸ್ಪೆನ್ಷನ್ ಕಾರು ಬೆಳಿಗ್ಗೆ ಒಂದು ಮೂಲೆಗೆ ಕುಸಿದಿರುತ್ತದೆ. ನೋಡಿದವರು ಹೇಳುವುದು ಒಂದೇ ಮಾತು: ‘ಕಂಪ್ರೆಸರ್ ಹೋಗಿದೆ.’ ಇದು ಬಹಳ ಸಲ ತಪ್ಪು. ಕಂಪ್ರೆಸರ್ ಕೆಲಸ ಗಾಳಿ ತುಂಬುವುದು. ತುಂಬಿದ ಗಾಳಿಯನ್ನು ಹಿಡಿದಿಡುವುದು ವಾಲ್ವ್, ಪೈಪು ಮತ್ತು ರಬ್ಬರ್ ಗಾಳಿಚೀಲ. ಒಂದೇ ಮೂಲೆ ಕುಸಿದಿದ್ದರೆ ಮೊದಲು ಅಲ್ಲಿನ ಸೋರಿಕೆಯನ್ನೇ ಅನುಮಾನಿಸಬೇಕು.

ಚನ್ನರಾಯಪಟ್ಟಣ, ಹಾಸನದ ಮೇಲೆ ಮಂಗಳೂರಿಗೆ ಹೋಗುವ ವೋಲ್ವೊ ಬಸ್ಸುಗಳಲ್ಲೂ ಗಾಳಿಚೀಲಗಳಿವೆ. ಆದರೆ ಅಲ್ಲಿ ಕಂಪ್ರೆಸರನ್ನು ಓಡಿಸುವುದು ಎಂಜಿನ್. ಕಾರಿನಲ್ಲಿರುವುದು 12 ವೋಲ್ಟಿನ ವಿದ್ಯುತ್ ಮೋಟಾರು, ಆದ್ದರಿಂದ ಪರೀಕ್ಷೆಯೂ ಬೇರೆ.

ಎಂಜಿನ್ ಚಾಲೂ ಮಾಡಿ, ಕಾರನ್ನು ಎತ್ತರಿಸುವ ಗುಂಡಿ ಒತ್ತಿ ಕಿವಿಗೊಡಿ. ಗುರ್ ಎಂಬ ಸದ್ದು ಬಾರದಿದ್ದರೆ ಫ್ಯೂಸ್, ರಿಲೇ ನೋಡಿ. ಎರಡೂ ಸರಿಯಿದ್ದರೆ, ಗುಂಡಿ ಒತ್ತಿದಾಗಲೇ ಕಂಪ್ರೆಸರಿನ ಕನೆಕ್ಟರಿನಲ್ಲಿ ಮಲ್ಟಿಮೀಟರ್ ಇಟ್ಟು ಅಳೆಯಬೇಕು. 12ರಿಂದ 14 ವೋಲ್ಟ್ ಬರುತ್ತಿದ್ದೂ ಮೋಟಾರು ಸುಮ್ಮನಿದ್ದರೆ, ಅರ್ಥಿಂಗ್ ತಂತಿ ಪರೀಕ್ಷಿಸಿದ ಮೇಲಷ್ಟೇ ಮೋಟಾರನ್ನು ದೂರಿ. ವೋಲ್ಟೇಜೇ ಇಲ್ಲವೆಂದರೆ ದೋಷ ವೈರಿಂಗಿನಲ್ಲೋ ನಿಯಂತ್ರಣ ಘಟಕದಲ್ಲೋ ಇದೆ. ಇನ್ನೊಂದು ಮಾತು: ಅತಿಯಾಗಿ ಕಾದ ಕಂಪ್ರೆಸರ್ ತನ್ನ ರಕ್ಷಣೆಗೆ ತಾನೇ ನಿಲ್ಲುತ್ತದೆ. ಅದು ಪೂರ್ತಿ ತಣಿಯುವವರೆಗೆ ಕಾಯದೆ ‘ಸತ್ತಿದೆ’ ಎಂದು ತೀರ್ಪು ಕೊಡಬಾರದು.

ಸದ್ದು ಬರುತ್ತದೆ, ಕಾರು ಏಳುವುದಿಲ್ಲ ಎಂದರೆ? ಹೊಳೆನರಸೀಪುರವೋ ಅರಕಲಗೂಡೋ, ಯಾವ ಪಂಕ್ಚರ್ ಅಂಗಡಿಗೂ ಗೊತ್ತಿರುವ ಉಪಾಯವೇ ಸಾಕು: ಪೈಪಿನ ಕೀಲುಗಳಿಗೆ, ಗಾಳಿಚೀಲದ ಮಡಿಕೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದ ಕಡೆ ಸೋರಿಕೆ. ಎಲ್ಲೂ ಗುಳ್ಳೆ ಇಲ್ಲದಿದ್ದರೆ ಮೆಕ್ಯಾನಿಕ್ ಕಂಪ್ರೆಸರಿನ ಹೊರದಾರಿಗೆ ಪ್ರೆಷರ್ ಗೇಜ್ ಜೋಡಿಸಲಿ. ಒತ್ತಡ ತಯಾರಕರು ಹೇಳಿದ ಮಟ್ಟಕ್ಕೆ ಏರದಿದ್ದರೆ ಪಿಸ್ಟನ್ ರಿಂಗ್ ಸವೆದಿರಬಹುದು. ಆಗ ಕಂಪ್ರೆಸರ್ ನಿಜಕ್ಕೂ ಅಪರಾಧಿ.

ಈ ಕ್ರಮ ತಪ್ಪಿದರೆ ನಷ್ಟ ದೊಡ್ಡದು. ಸೋರಿಕೆಯನ್ನು ಹಾಗೇ ಬಿಟ್ಟು ಹೊಸ ಕಂಪ್ರೆಸರ್ ಹಾಕಿದರೆ, ಸೋರಿದ್ದನ್ನು ತುಂಬಿ ತುಂಬಿ ಅದೂ ಸುಟ್ಟುಹೋಗುತ್ತದೆ. ರಿಲೇ ಅಂಟಿಕೊಂಡಿದ್ದರೂ ಇದೇ ಗತಿ, ಹಾಗಾಗಿ ಕಂಪ್ರೆಸರ್ ಬದಲಿಸುವಾಗ ರಿಲೇಯನ್ನೂ ಬದಲಿಸುವುದು ಲೇಸು. ಮಲೆನಾಡಿನ ಮಳೆಯಲ್ಲಿ ಓಡುವ ಕಾರಾದರೆ ಡ್ರೈಯರ್ ಕಡೆಗೂ ಗಮನವಿರಲಿ. ಒಳಗೆಳೆದ ಗಾಳಿಯ ತೇವ ಹೀರುವ ಹರಳುಗಳು ಅದರಲ್ಲಿರುತ್ತವೆ. ಅವು ನೆನೆದು ದಣಿದರೆ ತೇವ ವಾಲ್ವ್‌ಗಳಿಗೆ ಹೋಗಿ ತುಕ್ಕು ಹಿಡಿಸುತ್ತದೆ.

ಸೋಪಿನ ನೀರು ಹಚ್ಚಲು ಬರಿಯ ಜಾಕ್ ನಂಬಿ ಕಾರಿನಡಿಗೆ ತೂರಬೇಡಿ. ಗಾಳಿ ಇಳಿದರೆ ಕಾರು ಸದ್ದಿಲ್ಲದೆ ಕೆಳಗೆ ಬರುತ್ತದೆ. ಗಟ್ಟಿ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಕೈಹಾಕಿ.