ಐಹೊಳೆಯ ಬ್ರಹ್ಮ ಮುಂಬಯಿಗೆ ಯಾಕೆ ಬಂದ?

ಕಾಮರ್ಸ್ ಓದುವವನಿಗೆ ಮ್ಯೂಸಿಯಮ್ಮಿನ ಗೊಡವೆ ಯಾಕೆ ಎಂದು ನೀವು ನಗಬಹುದು. ನಾನೇನೂ ಆಸೆಪಟ್ಟು ಹೋದವನಲ್ಲ. ಕ್ಲಾಸಿನ ಮರಾಠಿ ಗೆಳೆಯನೊಬ್ಬ ಎಳಕೊಂಡು ಹೋದ.

ಹೋದದ್ದು ಫೋರ್ಟ್ ಭಾಗದ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯಕ್ಕೆ. ನಮ್ಮ ಮಾವನಂಥ ಹಳಬರ ಬಾಯಲ್ಲಿ ಅದು ಇನ್ನೂ 'ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ'. ಮುಂದೆ ಐದನೇ ಜಾರ್ಜ್ ದೊರೆಯಾದ ಯುವರಾಜ 1905ರಲ್ಲಿ ಇದರ ಅಡಿಗಲ್ಲು ಹಾಕಿದ. ಜಾರ್ಜ್ ವಿಟೆಟ್ ನಕ್ಷೆ ಬರೆದ ಕಟ್ಟಡ 1914ರ ಹೊತ್ತಿಗೆ ಎದ್ದು ನಿಂತಿತಾದರೂ ಮೊದಲ ಮಹಾಯುದ್ಧದಲ್ಲಿ ಸೈನಿಕರ ಆಸ್ಪತ್ರೆಯಾಯಿತು. ಮ್ಯೂಸಿಯಂ ಎಂದು ಬಾಗಿಲು ತೆರೆದದ್ದು 1922ರಲ್ಲಿ. ಗುಮ್ಮಟ ಕಂಡೊಡನೆ "ಅರೇ, ಇದು ನಮ್ಮ ಗೋಲಗುಮ್ಮಟದ ಹಾಂಗ ಅದ!" ಅಂದೆ. ನಿಜಕ್ಕೂ ವಿಜಾಪುರದ ಆ ಗುಮ್ಮಟವೇ ಇದಕ್ಕೆ ಮಾದರಿಯಂತೆ. ಎದೆ ಸ್ವಲ್ಪ ಉಬ್ಬಿತು.

ಒಳಗೆ ಹೋದ ಮೇಲೆ ಅದು ಇಳಿಯಿತು. ಶಿಲ್ಪಗಳ ಗ್ಯಾಲರಿಯಲ್ಲಿ ಒಂದು ದೊಡ್ಡ ಹಾಸುಗಲ್ಲು. ಅದರಲ್ಲಿ ಬ್ರಹ್ಮ, ಸುತ್ತ ಋಷಿಗಳು. ಗೆಳೆಯ ಪಕ್ಕದ ಚೀಟಿ ಓದಿ, "ಐಹೊಳೆ ಅಂತೆ. ನಿಮ್ಮ ಕಡೆಯದೇ ಅಲ್ವಾ? ಇಲ್ಲಿಗ್ಯಾಕೆ ಬಂತು?" ಎಂದು ಕೇಳಿದ. ನನ್ನೂರಿಂದ ಐಹೊಳೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಏಳನೇ ಇಯತ್ತೆಯಲ್ಲಿ ಟ್ರಿಪ್ಪಿಗೆ ಹೋದಾಗ, ಮಾಸ್ತರರು ವಿವರಿಸುತ್ತಿದ್ದರೆ ನಾನು ದುರ್ಗ ಗುಡಿಯ ಕಂಬಗಳ ಹಿಂದೆ ಕಣ್ಣಾಮುಚ್ಚಾಲೆ ಆಡುತ್ತಿದ್ದೆ. ಈಗ ಏನು ಹೇಳಲಿ? "ಯಾರೋ ತಂದಿರಬೇಕು" ಎಂದು ಮುಂದೆ ಹೋದೆ. ಅವನೆದುರು ನಾಚಿಕೆಯಾಯಿತು.

ಮರುವಾರ ಒಬ್ಬನೇ ಹೋದೆ, ಒಂದು ನೋಟುಬುಕ್ಕು ಹಿಡಿದು. ನಮ್ಮ ಲೆಕ್ಕಶಾಸ್ತ್ರದಲ್ಲಿ ವೋಚರ್ ಇಲ್ಲದೆ ನಮೂದು ಇಲ್ಲ. ಮ್ಯೂಸಿಯಮ್ಮಿನ ಚೀಟಿಯೂ ಒಂದು ವೋಚರ್ ಇದ್ದ ಹಾಗೆ. ವಸ್ತು ಏನು, ಯಾವ ಕಾಲದ್ದು, ಎಲ್ಲಿಯದು, ಕೆಲವು ಕಡೆ ಕೊಟ್ಟವರು ಯಾರು ಎಂಬುದೂ ಇರುತ್ತದೆ. ನಾವು ವಸ್ತು ನೋಡಿ ಚೀಟಿ ಬಿಡುತ್ತೇವೆ. ನಾನು ಚೀಟಿಯಿಂದಲೇ ಶುರು ಮಾಡಿದೆ.

ಕೆಲವು ವಸ್ತುಗಳು ದಾನವಾಗಿ ಬಂದವು. ಚೀನಾದ ಪಿಂಗಾಣಿ, ಜಪಾನಿನ ಕುಸುರಿ ಕೆಲಸ ಮೊದಲಾದವುಗಳಲ್ಲಿ ಎಷ್ಟೋ ಸರ್ ರತನ್ ಟಾಟಾ ಮತ್ತು ಸರ್ ದೊರಾಬ್ಜಿ ಟಾಟಾ ಅವರ ಸಂಗ್ರಹದವು. ಇನ್ನು ಕೆಲವು ಸರಕಾರದ ಪುರಾತತ್ವ ಇಲಾಖೆ ಅಗೆದು ತೆಗೆದವು. ಸಿಂಧ್ ಪ್ರಾಂತದ ಮೀರಪುರ ಖಾಸ್‌ನ ಇಟ್ಟಿಗೆ ಸ್ತೂಪದಿಂದ ಬಂದ ಸುಟ್ಟ ಮಣ್ಣಿನ ಬುದ್ಧ ಅಂಥದ್ದು. ಆ ಊರು ಈಗ ಪಾಕಿಸ್ತಾನದಲ್ಲಿದೆ. ಆದರೆ 1909-10ರಲ್ಲಿ ಹೆನ್ರಿ ಕಸಿನ್ಸ್ ಎಂಬ ಅಧಿಕಾರಿ ಅಲ್ಲಿ ಅಗೆಸಿದಾಗ ಸಿಂಧ್ ಮುಂಬಯಿ ಪ್ರಾಂತದ ಭಾಗ, ಬೇರೆಯಾದದ್ದು 1936ರಲ್ಲಿ.

ಇಲ್ಲಿ ನನ್ನ ಗಂಟು ಬಿಚ್ಚಿತು. ಇದೇ ಕಸಿನ್ಸ್ ನಮ್ಮ ಜಿಲ್ಲೆಗಳ ಚಾಲುಕ್ಯ ಕಟ್ಟಡಗಳ ಮೇಲೂ ಪುಸ್ತಕ ಬರೆದಿದ್ದಾನೆ; ಅದು ಅಚ್ಚಾದದ್ದು 1926ರಲ್ಲಿ. ಯಾಕೆಂದರೆ ಐಹೊಳೆ ಇದ್ದ ವಿಜಾಪುರ ಜಿಲ್ಲೆಯೂ ಮುಂಬಯಿ ಆಡಳಿತದಲ್ಲೇ ಇತ್ತು, 1956ರ ನವೆಂಬರ್ 1ರ ತನಕ. ಧಾರವಾಡ, ಬೆಳಗಾವಿ, ಕಾರವಾರದ ಕಥೆಯೂ ಇದೇ. ಅಂದರೆ ಬ್ರಹ್ಮ ಪರನಾಡಿಗೆ ಬಂದವನಲ್ಲ, ತನ್ನ ಪ್ರಾಂತದ ರಾಜಧಾನಿಗೆ ಬಂದವನು. ಆಮೇಲೆ ಗಡಿ ಸರಿಯಿತು, ಅವನು ಇಲ್ಲೇ ಉಳಿದ. ಹಳೆಯ ಮುಂಬಯಿ ಪ್ರಾಂತದ ನಕಾಶೆಯನ್ನು ಎದುರಿಗಿಟ್ಟುಕೊಂಡರೆ ಈ ಗ್ಯಾಲರಿಯ ಎಷ್ಟೋ ಚೀಟಿಗಳು ತಾವಾಗಿ ಅರ್ಥವಾಗುತ್ತವೆ.

ಆದರೂ ಜೋಡಿ ನಮೂದು ಪದ್ಧತಿಯಲ್ಲಿ ಒಂದು ಖಾತೆಗೆ ಬಂದರೆ ಇನ್ನೊಂದು ಖಾತೆಯಿಂದ ಹೋಗಿರಲೇಬೇಕು. ಈ ಕಲ್ಲು ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಒಳಮಾಳಿಗೆಯದು, ಏಳನೇ ಶತಮಾನದ್ದು. ಭಕ್ತರು ಕತ್ತೆತ್ತಿ ನೋಡಲೆಂದು ಮಾಡಿದ್ದು. ಇಲ್ಲಿ ನಾವು ಎದುರಿಗೇ ನಿಂತು ನೋಡುತ್ತೇವೆ. ಉಳಿಯ ಗುರುತು ಹತ್ತಿರದಿಂದ ಕಾಣುತ್ತದೆ ನಿಜ, ಆದರೆ ಅವನ ಮೇಲಿನ ಮಾಳಿಗೆ, ಕೆಳಗಿನ ಕಂಬ, ಹೊರಗಿನ ಊರು ಕಾಣುವುದಿಲ್ಲ. ಹಿಂದಕ್ಕೆ ಕಳಿಸಬೇಕೆ ಬೇಡವೆ ಎಂಬ ವಾದಕ್ಕೆ ನಾನು ಇಳಿಯಲಾರೆ. ಇಲ್ಲಿ ಅವನು ಸುರಕ್ಷಿತವಾಗಿದ್ದಾನೆ, ದೇಶವಿದೇಶದವರು ನೋಡುತ್ತಾರೆ. ನನಗೆ ಬೇಸರವಾದದ್ದು, ಎಲ್ಲಿಂದ ಬಂದ ಎಂಬ ಲೆಕ್ಕವನ್ನು ಆ ಊರಿನ ಪಕ್ಕದವನಾದ ನಾನೇ ಇಟ್ಟಿರಲಿಲ್ಲವಲ್ಲ ಎಂದು.

ಗೆಳೆಯನಿಗೆ ಉತ್ತರ ಹೇಳಿದೆ. ನಮ್ಮ ಹಳೆಯ ಮಾಸ್ತರರಿಗೂ ಕಾಗದ ಬರೆದಿದ್ದೇನೆ: "ಮುಂದಿನ ಟ್ರಿಪ್ಪಿನಲ್ಲಿ ಹುಡುಗರಿಗೆ ಹುಚ್ಚಪ್ಪಯ್ಯ ಗುಡಿಯ ಬ್ರಹ್ಮ ಎಲ್ಲಿದ್ದಾನೆಂದು ದಯವಿಟ್ಟು ಹೇಳಿರಿ, ಆಟ ಆಡುವವರನ್ನು ಕಿವಿ ಹಿಡಿದು ಕರೆತಂದು ಹೇಳಿರಿ." ನಮ್ಮ ಸಂಘದ ಗೆಳೆಯರೂ ಒಂದು ಭಾನುವಾರ ಬರುವುದಾದರೆ ನೋಟುಬುಕ್ಕು ತನ್ನಿ. ಬಾಗಿಲಲ್ಲಿ ಕಾಯುತ್ತೇನೆ.